ಉಡಿ ತುಂಬಿ ಕಳಿಸಿದವಳು

ಕಮಲಾಪುರದಲ್ಲಿ ನಾನು ಸತ್ತಷ್ಟು ಸಲ ಇನ್ಯಾರೂ ಸತ್ತಿರಲಿಕ್ಕಿಲ್ಲ. ಶಾಲೆಯ ಅಂಗಳದಲ್ಲಿ ಸತ್ತಿದ್ದೇನೆ, ಬಸ್‌ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ ಸತ್ತಿದ್ದೇನೆ, ಅಂಗನವಾಡಿ ಮುಂದಿನ ಬೇವಿನ ಗಿಡದ ಕೆಳಗಂತೂ ಲೆಕ್ಕವಿಲ್ಲದಷ್ಟು ಸಲ. ಪ್ರತಿ ಸಲವೂ ಹಸಿರು ಸೀರೆ ಉಟ್ಟು, ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಮೈಯಲ್ಲಿ ರಕ್ತ ಸಾಲದೆ ಸಾಯುತ್ತಿದ್ದೆ. ಸತ್ತಾದ ಮೇಲೆ ಎದ್ದು, ದಿಂಬು ಬಿಚ್ಚಿಟ್ಟು, ಬಿಳಿ ಕೋಟು ಹಾಕಿಕೊಂಡು, ನನಗಾಗಿ ಕಣ್ಣು ಒರೆಸಿಕೊಂಡವರದೇ ಬಿಪಿ ನೋಡಲು ಕೂಡುತ್ತಿದ್ದೆ.

ಆಗ ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಫಿಜಿಷಿಯನ್ ಅಸಿಸ್ಟೆಂಟ್ ಓದುತ್ತಿದ್ದೆ. ಅದೇನು ಎಂದು ವಿವರಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ಡಾಕ್ಟರ ಜೊತೆಗೇ ನಿಂತು, ರೋಗಿಯ ಕಷ್ಟ ಕೇಳಿಕೊಂಡು, ಮೊದಲ ಪರೀಕ್ಷೆ ಮಾಡಿ ಅವರಿಗೆ ಒಪ್ಪಿಸುವ ಕೆಲಸ ಎಂದರೆ, "ಹಂಗಾರ ಕಂಪೌಂಡರ್ ಅನ್ನು" ಎನ್ನುತ್ತಿದ್ದರು ಓಣಿಯವರು. ನನ್ನವ್ವ ಮಾತ್ರ ಈ ಗೋಜಿಗೆ ಬೀಳಲಿಲ್ಲ. ನಂದೂರಿನ ದಾಲ್ ಮಿಲ್ಲಿನಲ್ಲಿ ತನ್ನ ಜೊತೆ ದುಡಿಯುವವರಿಗೆಲ್ಲ ಮಗಳು ಡಾಕ್ಟರ್ ಎಂದೇ ಹೇಳಿಬಿಟ್ಟಿದ್ದಳು. ತಿದ್ದಲು ಹೋದರೆ, "ಸುಮ್ಕಿರು, ನಿನಗೇನ್ ತಿಳೀತದ" ಎಂದು ಗದರುತ್ತಿದ್ದಳು.

ತಿಂಗಳಿಗೊಂದೆರಡು ಸಲ ಕಾಲೇಜಿನ ಬಸ್ಸು ನಮ್ಮನ್ನು ತುಂಬಿಕೊಂಡು ಆರೋಗ್ಯ ಶಿಬಿರಕ್ಕೆಂದು ಕಮಲಾಪುರಕ್ಕೆ ಹೊರಡುತ್ತಿತ್ತು. ಮಹಾಗಾಂವ ಕ್ರಾಸ್ ದಾಟುವ ತನಕ ಹಾಡು, ಜಗಳ, ಚುರುಮುರಿ. ದಾಟಿದ ಮೇಲೆ, ಜೊತೆಗೆ ಬರುತ್ತಿದ್ದ ನಮ್ಮ ಸರ್ ಎದ್ದು ನಿಂತು ಯಾರು ಬಿಪಿ ನೋಡಬೇಕು, ಯಾರು ಶುಗರ್ ನೋಡಬೇಕು ಎಂದು ಕೆಲಸ ಹಂಚುತ್ತಿದ್ದರು. ನಾಟಕವೂ ಅವರದೇ ತಲೆ. ಭಾಷಣ ಮಾಡಿದರೆ ಹೆಂಗಸರು ಸೆರಗು ಅಡ್ಡ ಹಿಡಿದು ಆಕಳಿಸುತ್ತಾರೆ, ನಾಟಕವಾದರೆ ಕೂಸು ಎತ್ತಿಕೊಂಡು ಬಂದು ಮುಂದೆಯೇ ಕೂಡುತ್ತಾರೆ ಎಂಬುದು ಅವರ ಅನುಭವ. ಬಸುರಿ ಸೊಸೆಯ ಪಾತ್ರ ನನಗೆ ಬಂತು. ನನಗೇ ಯಾಕೆ ಎಂದು ಕೇಳಿದರೆ, "ನೀ ಮೊದಲೇ ಸೊರಗಿದಂಗ ಕಾಣ್ತಿದಿ, ಮೇಕಪ್ಪಿನ ಖರ್ಚ್ ಉಳೀತದ" ಎಂದರು. ಆ ಮಾತಿಗೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಅತ್ತೆಯಾದವಳು ನನ್ನ ಗೆಳತಿ. ಅವರ ಮನೆಯಲ್ಲಿ ದಖನಿ ಉರ್ದು. ನಾಟಕದಲ್ಲಿ ಸಿಟ್ಟು ಬಂದಾಗ ಅವಳು ಕನ್ನಡ ಬಿಟ್ಟು "ಕ್ಯಾ ನಖರೆ ಕರ್ತೀ ಗೇ" ಎಂದು ಸೊಸೆಯ ಸೋಗಿಗೆ ಬೈದು ಸೊಂಟದ ಮೇಲೆ ಕೈ ಇಟ್ಟರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಕಥೆ ಸರಳ. ದವಾಖಾನೆಯವರು ಕೊಟ್ಟ ರಕ್ತ ಹೆಚ್ಚುವ ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆ ಎಂದು ಅತ್ತೆ ಅವನ್ನು ತಿಪ್ಪೆಗೆ ಎಸೆಯುತ್ತಾಳೆ. ಸೊಸೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹೆರಿಗೆಯಲ್ಲಿ ರಕ್ತ ಹೋಗುತ್ತದೆ, ಸೊಸೆಯೂ ಹೋಗುತ್ತಾಳೆ. ಎಲ್ಲರ ನಗು ನಿಂತು ಬಯಲು ತಣ್ಣಗಾಗುವ ತನಕ ನಾನು ಅಲುಗಾಡದೆ ಬಿದ್ದಿರಬೇಕು, ಆಮೇಲೆ ಸರ್ ಮಾತು ಶುರು.

ಬೇವಿನ ಗಿಡದ ಕೆಳಗೆ ಮೊದಲ ಸಲ ಸತ್ತ ದಿನ, ನಾನು ಹಾಗೆ ಬಿದ್ದಿರುವಾಗ ಯಾರೋ ನನ್ನ ತಲೆ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ನಾಟಕದಲ್ಲಿ ಹಾಗೇನೂ ಇರಲಿಲ್ಲ. ಕಣ್ಣು ಬಿಟ್ಟರೆ, ನನ್ನವ್ವನಿಗಿಂತ ತುಸು ಹಿರಿಯಳಾದ ಒಬ್ಬ ಹೆಂಗಸು. ಕೈಯಲ್ಲಿ ಜೋಳದ ಹಿಟ್ಟಿನ ವಾಸನೆ.

"ಸಾಕ್ ಮಾಡ್ರಿ" ಎಂದಳು ಸರ್‌ಗೆ. "ಎಷ್ಟೊತ್ತಾತು, ಪೋರಿ ನೆಲದ ಮ್ಯಾಲ ಬಿದ್ದದ. ಒಂದೀಟು ನೀರ್ ತರ್ರಿ."

ಹಿಂದಿನಿಂದ ಯಾರೋ, "ಏ ಯಕ್ಕಾ, ಆಟ ಅದು, ಬಾ ಇತ್ಲಾಗ" ಎಂದು ನಕ್ಕರು.

"ಆಟ ಅಂತ ನನಗೂ ಗೊತ್ತದ" ಎಂದಳು, ನನ್ನ ಹಣೆಯ ಮೇಲಿನ ಕೂದಲು ಸರಿಸುತ್ತ.

ಅವಳ ಮನೆ ಆ ಗಿಡದ ಹಿಂದೆಯೇ. ಶಿಬಿರ ಮುಗಿದ ಮೇಲೆ ನನ್ನ ರಟ್ಟೆ ಹಿಡಿದು ಕರೆದುಕೊಂಡು ಹೋಗಿ, ಒಲೆಯ ಮುಂದೆ ಕೂರಿಸಿ, ಹಂಚಿನಿಂದ ನೇರ ತಾಟಿಗೆ ರೊಟ್ಟಿ ಹಾಕಿದಳು. ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೇಲೆ ಮೊಸರು. ತನ್ನ ಬಗ್ಗೆ ಏನೂ ಹೇಳಲಿಲ್ಲ. ಹೇಳಿದ್ದು ಅಲ್ಲಿಯ ಆಶಾ ಕಾರ್ಯಕರ್ತೆ, ನಾನು ಬಸ್ಸಿಗೆ ನಡೆಯುವಾಗ. ಒಬ್ಬಳೇ ಮಗಳು. ಮೊದಲ ಹೆರಿಗೆಗೆ ತವರಿಗೆ ಬಂದವಳು ಹೆರಿಗೆಯಲ್ಲೇ ಹೋದಳು, ಕೂಸೂ ಉಳಿಯಲಿಲ್ಲ. ಥೇಟ್ ನಮ್ಮ ನಾಟಕದ ಹಾಗೆಯೇ, ರಕ್ತ ಸಾಲದೆ. ಗುಳಿಗೆ ಎಸೆಯುವ ಅತ್ತೆ ಮಾತ್ರ ಆ ಕಥೆಯಲ್ಲಿ ಇರಲಿಲ್ಲ. ಮಗಳು ದಣಿಯುತ್ತಿದ್ದಳು, ಬಸುರಿಯರು ದಣಿಯದೆ ಇರುತ್ತಾರೆಯೇ ಎಂದು ತಾಯಿ ತಿಳಿದಿದ್ದಳು.

ಮುಂದಿನ ಸಲ ಅವಳು ನಾಟಕಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು, ಎಲ್ಲರಿಗಿಂತ ಮುಂದೆ ಕೂತಳು. ಅದರ ಮುಂದಿನ ಸಲವೂ ಬಂದಳು. ನಾನು ಸತ್ತಾಗ ಎದ್ದು ಬರುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಆಟ ಮುಗಿದದ್ದೇ ರೊಟ್ಟಿಗೆ ಕರೆಯುತ್ತಿದ್ದಳು. ಉಣ್ಣುವಾಗ ನನ್ನ ಹಿಂದೆ ಕೂತು ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ಮತ್ತೆ ಬಿಗಿಯಾಗಿ ಹೆಣೆಯುತ್ತಿದ್ದಳು. ಅದು ನನ್ನ ರೊಟ್ಟಿಯಲ್ಲ, ನನ್ನ ಜಡೆಯಲ್ಲ, ಇನ್ನೊಬ್ಬಳದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನಗೆ ಅದು ಬೇಕಿತ್ತು. ನನ್ನವ್ವನಿಗೆ ನನ್ನ ಮೇಲೆ ಜೀವವೇ ಇತ್ತು, ಹೊತ್ತು ಇರಲಿಲ್ಲ ಅಷ್ಟೇ. ಬೆಳಿಗ್ಗೆ ಬಡಿದಿಟ್ಟ ರೊಟ್ಟಿ, ಸಂಜೆ ತೊಗರಿ ಹೊಟ್ಟಿನ ಧೂಳು ಮೆತ್ತಿದ ತಲೆ, ಕೂತಲ್ಲೇ ತೂಕಡಿಕೆ. ಶಾಲೆಗೆ ಹೋಗುವಾಗಿನಿಂದ ನನ್ನ ಜಡೆ ನಾನೇ ಹಾಕಿಕೊಂಡವಳು. ಬೆನ್ನ ಹಿಂದೆ ಒಬ್ಬರು ಕೂತು ಅವಸರವಿಲ್ಲದೆ ಬಾಚುವುದು ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಕಮಲಾಪುರದಲ್ಲಿ.

ಎಣ್ಣೆ ಜಡೆ ನೋಡಿ ಅವ್ವ ಕೇಳುತ್ತಿದ್ದಳು, "ಜನರ ಸೇವಾ ಮಾಡಾಕ ಹೋಗ್ತಿದ್ಯೋ, ಮಾಡಿಸ್ಕೊಳ್ಳಾಕ ಹೋಗ್ತಿದ್ಯೋ?"

ಮಳೆಗಾಲ ಮುಗಿದು ಹೊಲಗಳಲ್ಲಿ ತೊಗರಿ ಹೂ ಬಿಟ್ಟಿದ್ದ ಕಾಲ. ಜಡೆ ಹೆಣೆಯುತ್ತಲೇ ಕಮಲಾಪುರದ ಆ ತಾಯಿ ಅಂದಳು, "ಒಮ್ಮಿ ಬದುಕವ್ವಾ."

ನನಗೆ ತಿಳಿಯಲಿಲ್ಲ.

"ಆಟದಾಗ. ಪ್ರತಿ ಸಲ ಸಾಯ್ತಿದಿ. ಒಮ್ಮಿ ಬದುಕಿ, ಕೂಸಿನ್ನ ಎತ್ಕೊಂಡು ಮನೀಗಿ ಬಾ. ನಾ ನೋಡ್ತೀನಿ."

ಸರ್ ಒಪ್ಪಲಿಲ್ಲ. "ಸೊಸಿ ಬದುಕಿದ್ರ ಜನ ಯಾಕ ಅಂಜಬೇಕು? ಅಂಜದಿದ್ರ ಯಾಕ ಗುಳಿಗಿ ತಿನ್ನಬೇಕು?" ಎಂದರು. ತಪ್ಪು ಮಾತೇನಲ್ಲ. ಆದರೆ ನನಗೆ ಹಟ ಬಂತು. ನಾನು ಸಾಯುವುದೇ ಇಲ್ಲ, ಬೇಕಾದರೆ ನೀವೇ ಸೀರೆ ಉಟ್ಟು ಸಾಯಿರಿ ಎಂದುಬಿಟ್ಟೆ. ಬಸ್ಸಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು, ಸರ್‌ಗೂ ನಗು ತಡೆಯಲಾಗಲಿಲ್ಲ. "ಒಂದೇ ಸಲ. ಆಮ್ಯಾಲ ಮತ್ತ ಸಾಯಬೇಕು" ಎಂದು ಕರಾರು ಹಾಕಿದರು.

ಗೆಳತಿ ಮತ್ತು ನಾನು ಕೂತು ಕಥೆ ತಿರುಗಿಸಿದೆವು. ಅತ್ತೆ ಎಸೆದ ಗುಳಿಗೆಯನ್ನು ಸೊಸೆ ಮತ್ತೆ ತರುತ್ತಾಳೆ, ದಿನಾ ತಿನ್ನುತ್ತಾಳೆ, ರಕ್ತ ಪರೀಕ್ಷೆ ಮಾಡಿಸುತ್ತಾಳೆ. ಹೊತ್ತು ಬಂದಾಗ ಆಂಬ್ಯುಲೆನ್ಸಿನಲ್ಲಿ ಕಲಬುರಗಿಗೆ ಹೋಗುತ್ತಾಳೆ. ಟವೆಲ್ಲು ಸುತ್ತಿದ ಕೂಸು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅವತ್ತು ಬೇವಿನ ಗಿಡದ ಕೆಳಗೆ ನಾನು ಬದುಕಿದೆ. ಅತ್ತೆಯಾದ ಗೆಳತಿ ಟವೆಲ್ಲಿಗೆ ದೃಷ್ಟಿ ತೆಗೆದು ಲಟಲಟ ನೆಟಿಗೆ ಮುರಿದಳು, ಜನ ಚಪ್ಪಾಳೆ ಹೊಡೆದರು. ನಾನು ಟವೆಲ್ಲು ಎತ್ತಿಕೊಂಡು ನೇರ ಆ ತಾಯಿಯ ಮುಂದೆ ಹೋಗಿ ನಿಂತೆ. ಎಷ್ಟು ಹಿಗ್ಗಿನಿಂದ ಹೋಗಿದ್ದೆ!

ಅವಳು ಟವೆಲ್ಲು ನೋಡಲಿಲ್ಲ. ನನ್ನ ಮುಖ ನೋಡಿದಳು.

"ಇಷ್ಟೇ ಇತ್ತೇನವ್ವಾ?" ಎಂದಳು.

ಎದ್ದು, ಸೀರೆಯ ಮಣ್ಣು ಕೊಡವಿಕೊಂಡು ಮನೆಗೆ ಹೋದಳು. ಅವತ್ತು ರೊಟ್ಟಿಗೆ ಕರೆಯಲಿಲ್ಲ. ಮಗಳು ಬದುಕುವುದನ್ನು ಒಮ್ಮೆ ನೋಡಬೇಕು ಎಂದು ಬಯಸಿದವಳಿಗೆ, ಮಗಳು ಬದುಕಬಹುದಿತ್ತು ಎಂಬುದೂ ಅದರ ಜೊತೆಗೇ ಕಂಡಿತ್ತು. ನಮಗ್ಯಾರಿಗೂ, ಅವಳಿಗೂ, ಅದು ಮೊದಲೇ ಹೊಳೆದಿರಲಿಲ್ಲ.

ಬಸ್ಸಿನಲ್ಲಿ ನಾನು ಕಿಟಕಿಗೆ ತಲೆ ಕೊಟ್ಟು ಅತ್ತುಬಿಟ್ಟೆ. ಸರ್ ಪಕ್ಕದಲ್ಲಿ ಬಂದು ಕೂತರು. ಆಟ ಮುಗಿದ ಮೇಲೆ ಹೆಂಗಸರು ತಾವಾಗಿಯೇ ಬಂದು ಗುಳಿಗೆ ಎಲ್ಲಿ ಸಿಗುತ್ತದೆ, ರಕ್ತ ಎಲ್ಲಿ ನೋಡುತ್ತಾರೆ ಎಂದು ಕೇಳಿದರಂತೆ. "ಇನ್ನ ಮುಂದ ಬದುಕೋ ಆಟನೇ ಇರ್ಲಿ" ಎಂದರು. ಗೆದ್ದಿದ್ದೆ, ಆದರೆ ಖುಷಿಯಾಗಲಿಲ್ಲ.

ಆಮೇಲಿನ ಶಿಬಿರಗಳಲ್ಲಿ ಮುಂದಿನ ಜಾಗದಲ್ಲಿ ಬೇರೆಯವರು ಕೂಡತೊಡಗಿದರು. ನಾನು ಪ್ರತಿ ಸಲ ಕೂಸು ಎತ್ತಿಕೊಂಡು ಬಂದು ಗಿಡದ ಹಿಂದಿನ ಬಾಗಿಲು ನೋಡುತ್ತಿದ್ದೆ. ಹೊಗೆ ಏಳುತ್ತಿತ್ತು, ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಬಾಗಿಲು ಮಾತ್ರ ಮುಚ್ಚಿರುತ್ತಿತ್ತು. ಹೋಗಿ ತಟ್ಟುವ ಧೈರ್ಯ ನನಗಿರಲಿಲ್ಲ. ಏನೆಂದು ಕರೆಯುವುದು? ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವೂ ಇತ್ತು: ಇಷ್ಟೇ ಇರುವುದಿಲ್ಲ, ಗುಳಿಗೆ ತಿಂದವರೂ, ದವಾಖಾನೆ ಸೇರಿದವರೂ ಒಮ್ಮೊಮ್ಮೆ ಕೈ ತಪ್ಪಿ ಹೋಗುತ್ತಾರೆ. ವಾರ್ಡಿನಲ್ಲಿ ನಾನೇ ಕಂಡಿದ್ದೆ. ಆ ಮಾತನ್ನು ಬಾಗಿಲಲ್ಲಿ ನಿಂತು ಹೇಳುವುದು ಹೇಗೆಂದು ಮಾತ್ರ ಯಾರೂ ಕಲಿಸಿರಲಿಲ್ಲ. ಸಂಜೆ ಮನೆಗೆ ಬಂದು, ಗಂಟು ಗಂಟಾದ ನನ್ನ ಜಡೆ ನಾನೇ ಬಾಚಿಕೊಳ್ಳುವಾಗ ಅವಳ ಕೈ ನೆನಪಾಗುತ್ತಿತ್ತು.

ಕೊನೆಯ ವರ್ಷದ ಕೊನೆಯ ಶಿಬಿರದ ದಿನ ಆಟ ಮುಗಿಸಿ, ಸೀರೆ ಬದಲಿಸಿ, ಕೋಟು ಹಾಕಿಕೊಂಡು ಬಸ್ಸಿನತ್ತ ಹೊರಟಿದ್ದೆ. ಅವಳು ಗಿಡದ ಕೆಳಗೆ ನಿಂತಿದ್ದಳು. ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಹಸಿರು ಕುಪ್ಪಸದ ಖಣ, ಕಮಲಾಪುರದ ಕೆಂಪು ಬಾಳೆಹಣ್ಣು. ಮಗಳನ್ನು ತವರಿನಿಂದ ಕಳಿಸುವಾಗ ಸೆರಗಿಗೆ ಹಾಕಿ ಉಡಿ ತುಂಬುತ್ತಾರಲ್ಲ, ಅದೆಲ್ಲ.

"ಉಡಿ ಹಿಡಿ" ಎಂದಳು.

ಹಿಡಿಯಲು ಸೆರಗೇ ಇರಲಿಲ್ಲ. ಪಕ್ಕದ ಹೆಂಗಸೊಬ್ಬಳು, "ಆ ಹುಡುಗೀಗಿ ಇನ್ನಾ ಲಗ್ನನೇ ಆಗಿಲ್ಲ, ಎಂಥಾ ಉಡಿ ತುಂಬ್ತಿ ಮಾರಾಯ್ತಿ" ಎಂದಳು.

"ಆಟದಾಗ ಆಗ್ಯದಲ್ಲ" ಎಂದಳು ಅವಳು. ಮೊದಲ ಸಲ ಅವಳು ನಕ್ಕಿದ್ದನ್ನು ನೋಡಿದೆ.

ನಾನು ಬಿಳಿ ಕೋಟಿನ ಎರಡೂ ಅಂಚು ಹಿಡಿದು ಮುಂದೆ ಚಾಚಿದೆ. ಅವಳು ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಆಗ ನನಗೆ ಬಾಯಿ ಬಂತು. "ಅವ್ವಾ, ಅವತ್ತು ಕೇಳಿದ್ಯಲ್ಲ. ಇಷ್ಟೇ ಇರಂಗಿಲ್ಲ. ಎಲ್ಲಾ ಮಾಡಿದ್ರೂ ಒಮ್ಮೊಮ್ಮಿ..."

"ಇರ್ಲಿ ಬಿಡು" ಎಂದಳು. ಬಾಳೆಹಣ್ಣು ಅಕ್ಕಿಯ ಮೇಲೆ ಇಟ್ಟು, ನನ್ನ ಜಡೆ ಮುಂದಕ್ಕೆ ತಂದು ಭುಜದ ಮೇಲೆ ಬಿಟ್ಟಳು. "ಹಡಿಯಾಕ ಬಂದಿದ್ಲು. ಆಕೀಗಿ ಉಡಿ ತುಂಬಿ ಕಳಸಾದು ಹಂಗೇ ಉಳದಿತ್ತವ್ವಾ. ಈಗ ಕಳಸೀನಿ. ಹೋಗಿ ಬಾ."

ಕಲಬುರಗಿ ಮುಟ್ಟುವ ತನಕ ನಾನು ಕೋಟಿನ ಅಂಚು ಬಿಡಲಿಲ್ಲ. ಮನೆಯಲ್ಲಿ ಅವ್ವ ಉಡಿ ನೋಡಿ, ಎಲ್ಲ ಕೇಳಿಕೊಂಡು, "ಹಂಗಾರ ಅದು ನಿನ್ನ ತವರ್ಮನಿ ಆತು. ನಮ್ಮದೇನು, ಅತ್ತೀ ಮನೀನಾ?" ಎಂದಳು. ಅಕ್ಕಿ ಬೇರೆಯಾಗಿ ಕಟ್ಟಿಟ್ಟಳು. ಮರುದಿನ ಮಿಲ್ಲಿಗೆ ರಜೆ ಹಾಕಿ ಅದರಲ್ಲಿ ಬೆಲ್ಲದನ್ನ ಮಾಡಿದಳು. ಉಣ್ಣುವ ಮೊದಲು, ಬಾಚಣಿಗೆ ಹಿಡಿದು ನನ್ನ ಹಿಂದೆ ಬಂದು ಕೂತಳು.

ಈಗ ನಾನು ಕಲಬುರಗಿಯದೇ ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಡಾಕ್ಟರ ಜೊತೆ ಕೆಲಸ ಮಾಡುತ್ತೇನೆ. ಕಮಲಾಪುರ ಬಸ್ಸಿನಲ್ಲಿ ಕೂತರೆ ದೂರವೇನಲ್ಲ. ಆದರೂ ಹೋಗಿಲ್ಲ. ಅವಳು ಕಳಿಸಿ ಹಗುರಾದವಳು, ನಾನು ಹೋಗಿ ಬಾಗಿಲಲ್ಲಿ ನಿಂತರೆ ಕಳಿಸಿದ್ದು ತಿರುಗಿ ಬಂದಂತಾಗುತ್ತದೆಯೇ ಎಂದು ಅಂಜಿಕೆ. ಅವ್ವನನ್ನು ಕೇಳಿದರೆ, ಉಡಿ ತುಂಬಿಸಿಕೊಂಡು ಹೋದ ಮಗಳು ತವರಿನವರು ಕರೆಯಲು ಬಂದ ಮೇಲೆಯೇ ಹೋಗಬೇಕು ಎನ್ನುತ್ತಾಳೆ. ನಾಗರ ಪಂಚಮಿ ಹತ್ತಿರವಾದಾಗ ವಾರ್ಡಿನ ಹೊರಗೆ ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ಹಬ್ಬಕ್ಕೆ ತವರಿಗೆ ಕರೆಯುತ್ತಿರುತ್ತಾರೆ. ಆ ದಿನಗಳಲ್ಲಿ ನಾನು ಕೆಲಸದ ನಡುವೆ ಸುಮ್ಮಸುಮ್ಮನೆ ಬಾಗಿಲ ತನಕ ಹೋಗಿ ಬರುತ್ತೇನೆ. ಕಮಲಾಪುರದ ಕಡೆಯ ಮಾತು ಕಿವಿಗೆ ಬಿದ್ದರೆ ತಿರುಗಿ ನೋಡುತ್ತೇನೆ, ನನ್ನನ್ನು ಕರೆಯಲು ಯಾರಾದರೂ ಬಂದಿದ್ದಾರೇನೋ ಎಂದು.