ಮೇ ತಿಂಗಳಲ್ಲೇ ತೆಗೆದ ಹಲಗೆ

ನಾನು ನಿಂತಿದ್ದ ಜಾಗ: ಬೈಂದೂರು ಕಡೆಯ ಹೊಳೆಯೊಂದರ ಕಿಂಡಿ ಅಣೆಕಟ್ಟಿನ ಮೇಲೆ, ಪೂರ್ವದ ದಡದಿಂದ ಎರಡನೇ ಕಿಂಡಿಯ ನೇರಕ್ಕೆ. ಹೊತ್ತು: ಈ ಜುಲೈಯ ಒಂದು ಭಾನುವಾರ, ಮಧ್ಯಾಹ್ನದ ಊಟದ ಸಮಯ. ಮಳೆ ಹೊಯ್ಯುತ್ತಿತ್ತು. ಕನ್ನಡಕ ಒರೆಸಿಕೊಂಡೇ ನೋಡಿದ್ದೇನೆ.

ಇಷ್ಟೊಂದು ವಿವರ ಯಾಕೆ ಅಂತೀರಾ? ನಾನು ಕಣ್ಣಾರೆ ಕಂಡದ್ದು ಅಲ್ಲಿ ಇರಲೇ ಇಲ್ಲ ಎಂದು ಈಗ ಒಂದು ಕಚೇರಿ ಹೇಳುತ್ತಿದೆ.

ಕಂಡದ್ದು ಹಲಗೆ.

ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಮಳೆಗಾಲ ಮುಗಿದ ಮೇಲೆ ಸಮುದ್ರದ ಉಪ್ಪುನೀರು ಹೊಳೆಯೊಳಗೆ ಏರಿ ಬರುತ್ತದೆ. ಅದನ್ನು ತಡೆಯಲು ಅಣೆಕಟ್ಟಿನ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬುತ್ತಾರೆ. ಬಾವಿಗಳು ಸಿಹಿಯಾಗಿ ಉಳಿಯುತ್ತವೆ. ಮಳೆ ಹಿಡಿಯುವ ಮೊದಲು ಹಲಗೆ ಎತ್ತಬೇಕು. ಎತ್ತದಿದ್ದರೆ ಬಾವಿ ಕಾಯ್ದ ಗೋಡೆಯೇ ಊರನ್ನು ಮುಳುಗಿಸುತ್ತದೆ.

(ಬಾವಿಯಲ್ಲಿ ನೀರಿಲ್ಲ, ಇನ್ನೊಂದು ವಾರ ಇರಲಿ ಎಂದು ಊರಿನವರೇ ಹೇಳಿದ್ದೂ ನಿಜ. ಆಮೇಲೆ ಆಚೆ ದಡದವರು ತೆಗೆಸಿಯಾರು ಎಂದು ಈಚೆಯವರು, ಈಚೆಯವರು ತೆಗೆಸಿಯಾರು ಎಂದು ಆಚೆಯವರು. ಮಳೆ ಇಬ್ಬರನ್ನೂ ಕೇಳಲಿಲ್ಲ.)

ನಾವು ನೆರೆಯ ಸುದ್ದಿ ಕೇಳಿ ಕೋಟೇಶ್ವರದಿಂದ ಅಕ್ಕಿ, ಚಾಪೆ, ಬೆಡ್‌ಶೀಟ್ ಹೊತ್ತು ಹೋದವರು. ಹೋದ ಮೇಲೆ ತಿಳಿಯಿತು, ಅಲ್ಲಿಗೆ ಬೇಕಾದದ್ದು ದೋಣಿ. ಇದ್ದದ್ದು ಒಂದೇ, ಮೀನು ಹಿಡಿಯುವ ಶೀನನದು. ಬೆಳಗಿನಿಂದ ಹೊಳೆಯಂಚಿನ ತಗ್ಗು ಬೈಲಿನ ಮನೆಗಳ ಜನರನ್ನು ದಡಕ್ಕೆ ಸಾಗಿಸುತ್ತಿದ್ದ. ನೀರು ಅವನಿಗಿಂತ ಬೇಗ ಏರುತ್ತಿತ್ತು.

ಆ ಹೊತ್ತಿಗೆ ಅವನು ಕರೆತಂದದ್ದು ಗಿರಿಜಕ್ಕನನ್ನು, ಪಾರ್ಶ್ವವಾಯು ಬಡಿದ ಅವರ ಗಂಡ ರಾಮಣ್ಣನನ್ನು. ರಾಮಣ್ಣನನ್ನು ಎತ್ತಿ ತಂದು ಅಣೆಕಟ್ಟಿನ ಪಕ್ಕದ ದಿಬ್ಬದಲ್ಲಿ, ಕೊಡೆಯಡಿ ಒರಗಿಸಿದೆವು. ಗಿರಿಜಕ್ಕ ಹೊಳೆಯ ಮೇಲಿನ ಬದಿ ನೋಡಿದರು, ಕೆಳಗಿನ ಬದಿ ನೋಡಿದರು.

"ಹ್ವಾಯ್, ಇಲ್ ಕಾಣಿ. ಮೇಲ್ ನೀರ್ ನಮ್ ಕಿಟಕಿ ತನಕ, ಕೆಳ್ಗೆ ಅಷ್ಟ್ ಇಲ್ಲೆ. ಹಲ್ಗಿ ತೆಗಿಲೇ ಇಲ್ಲ್ಯಾ?"

ಬಗ್ಗಿ ನೋಡಿದೆವು. ಕೆಂಪು ನೀರು ಹಲಗೆಗಳ ತಲೆಯ ಮೇಲಿಂದ ಧುಮುಕುತ್ತಿತ್ತು. ಒಂದು ಕಿಂಡಿಯಲ್ಲಲ್ಲ, ಎಲ್ಲ ಕಿಂಡಿಗಳಲ್ಲೂ.

ಅಣೆಕಟ್ಟು ನೋಡಿಕೊಳ್ಳುವ ಕಚೇರಿಗೆ ಫೋನ್ ಮಾಡಿದೆ. ಹಲಗೆ ಮೇ ತಿಂಗಳಲ್ಲೇ ತೆಗೆಸಿ ಆಗಿದೆ, ಗಾಬರಿ ಬೇಡ, ನಾಳೆ ಬಂದು ನೋಡುತ್ತೇವೆ ಎಂದರು. (ಆ ಹಲಗೆಗಳನ್ನು ನೋಡುತ್ತಲೇ ಈ ಮಾತು ಕೇಳಿಸಿಕೊಂಡೆ.) ಶೀನನಿಗೆ ಹೇಳಿದೆ.

"ನಾಳಿ ಅವ್ರ್ ಬಪ್ಪ ಹೊತ್ತಿಗೆ ಈ ಬೈಲ್ ಉಳಿಕಲ್ದಾ ಮರಾಯ್ರೆ?" ಅಂದ. ಸೊಂಟಕ್ಕೆ ಹಗ್ಗ ಬಿಗಿದುಕೊಂಡ.

ಹಗ್ಗದ ಇನ್ನೊಂದು ತುದಿ ಅಣೆಕಟ್ಟಿನ ಮೇಲಿನ ಕಂಬಿಗೆ. ನಡುವೆ ಹಿಡಿದವರು ನಾನು ಮತ್ತು ನಮ್ಮ ಜೊತೆ ಬಂದಿದ್ದ ತೆಕ್ಕಟ್ಟೆಯ ರಘುವಣ್ಣ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನೀರಿನ ಆ ಒತ್ತಡಕ್ಕೆ ಹಲಗೆ ಎತ್ತಲು ಬರುವುದಿಲ್ಲ. ಒಡೆಯಲೇಬೇಕು. ಶೀನ ಹಾರೆ ಹಿಡಿದು ಮೇಲಿನಿಂದ ಒಂದೊಂದಾಗಿ ಒಡೆದ. ಒಮ್ಮೆ ಅವನ ಕಾಲು ಜಾರಿತು. ಹಗ್ಗ ನನ್ನ ಅಂಗೈ ಸುಲಿದುಕೊಂಡು ಓಡಿತು. ರಘುವಣ್ಣ ಹಿಡಿದು ನಿಲ್ಲಿಸಿದರು.

"ಹ್ವಾಯ್ ಶೀನಾ, ಟಿಕೆಟ್ ಇಲ್ದೆ ಎಲ್ಲಿಗ್ ಹೊರ್ಟದ್ದ್?"

ಶೀನ ನಕ್ಕ. ನನಗೆ ನಗು ಬರಲಿಲ್ಲ. ಅಂಗೈಯ ಗಾಯ ಈಗ ಮಾಯ್ದಿದೆ, ಗುರುತು ಉಳಿದಿದೆ.

ಸಂಜೆಯ ಹೊತ್ತಿಗೆ ಗಿರಿಜಕ್ಕನ ಕಿಟಕಿಯಿಂದ ನೀರು ಇಳಿಯಿತು. ಬೈಲಿನಲ್ಲಿ ಒಂದು ಜೀವವೂ ಹೋಗಲಿಲ್ಲ.

ಹೋದ ವಾರ ಶೀನನಿಗೆ ಸ್ಟೇಷನ್ನಿನಿಂದ ಕರೆ ಬಂತು. ಸಾರ್ವಜನಿಕ ಆಸ್ತಿ ನಾಶ ಮಾಡಿದ್ದಾನೆಂದು ಅದೇ ಕಚೇರಿಯ ದೂರು! ತಪ್ಪಾಯಿತೆಂದು ಬರೆದುಕೊಡು, ಇಲ್ಲಿಗೇ ಮುಗಿಯುತ್ತದೆ ಎಂದು ಊರಿನ ಹಿರಿಯರೊಬ್ಬರು ಬುದ್ಧಿ ಹೇಳಿದರು. ಮೀನುಗಾರಿಕೆ ಶುರುವಾಗುವ ಸಮಯ. ಕೋರ್ಟಿಗೆ ಅಲೆಯುತ್ತಾ ಕೂತರೆ ದೋಣಿ ಇಳಿಸುವುದು ಯಾವಾಗ? ಶೀನ ಅರ್ಧ ಒಪ್ಪಿದ್ದ.

ನಿನ್ನೆ ಅವನ ಜಗಲಿಯಲ್ಲಿ ಕೂತಿದ್ದೆವು. ಗಿರಿಜಕ್ಕ ಕೇಳಿದ್ದು ಇಷ್ಟೇ: "ಎಂತ ತಪ್ಪ್ ಅಂದ್ ಬರಿತೆ? ನಮ್ಮನ್ ಉಳ್ಸದ್ ತಪ್ಪ್ ಅಂದಾ?"

ಶೀನ ಬರೆದುಕೊಡುವುದಿಲ್ಲ. ಅವನ ಬದಲು ನಾನು ಬರೆಯುತ್ತಿದ್ದೇನೆ, ಇಲ್ಲಿ.

ಹಲಗೆ ಮೇ ತಿಂಗಳಲ್ಲೇ ತೆಗೆದಿದ್ದರೆ, ಜುಲೈಯಲ್ಲಿ ಶೀನ ಒಡೆದದ್ದು ಏನನ್ನು? ತೆಗೆದದ್ದು ನಿಜವಾದರೆ ದೂರು ಸುಳ್ಳು. ದೂರು ನಿಜವಾದರೆ ತೆಗೆದದ್ದು ಸುಳ್ಳು. ಒಂದನ್ನು ಆರಿಸಿಕೊಳ್ಳಿ ಸ್ವಾಮಿ, ಎರಡೂ ಸಿಗುವುದಿಲ್ಲ.

ಕೇಸ್ ಹಾಕುವುದಾದರೆ ನನ್ನ ಮೇಲೂ ಹಾಕಿ. ಹಗ್ಗ ಹಿಡಿದವನು ನಾನು. ಮುಂದಿನ ಮಳೆಗೂ ಹಲಗೆ ಅಲ್ಲೇ ಇದ್ದರೆ ಮತ್ತೆ ಹಿಡಿಯುತ್ತೇನೆ.

ಸಾಕ್ಷಿ ಬೇಕೇ? ರಘುವಣ್ಣ ನೋಡಿದ್ದಾರೆ. ಗಿರಿಜಕ್ಕ ನೋಡಿದ್ದಾರೆ. ಕೊಡೆಯಡಿ ಒರಗಿ ರಾಮಣ್ಣ ನೋಡಿದ್ದಾರೆ. ಅವರ ಮಾತು ಹೋಗಿದೆ, ಕಣ್ಣು ಹೋಗಿಲ್ಲ.

ಗಂಡ ಹೆಂಡತಿ ಇಬ್ಬರೂ ಬದುಕಿದ್ದಾರೆ. ಅದನ್ನೂ ಶೀನನ ಮೇಲಿನ ದೂರಿಗೆ ಸೇರಿಸಿಕೊಳ್ಳಿ.