ಬಾನೆಟ್ಟಿನ ಒಳಗಿನ ಸಹಿ

ಈ ಸಂಜೆ ಸದರ್ನ್ ಅವೆನ್ಯೂವಿನಲ್ಲಿ ನಡೆಯುತ್ತಿದ್ದೆ. ಅಬ್ಬರಿಸಿ ಹೋದ ಕಾರೊಂದು ಅರೆಬೆಂದ ಪೆಟ್ರೋಲಿನ ವಾಸನೆಯನ್ನು ಬಿಟ್ಟುಹೋಯಿತು. ನಿಮಗದು ಬರಿಯ ಹೊಗೆ. ನನಗೆ ನನ್ನ ಅಣ್ಣ.

ವಾರವಿಡೀ ಬಿಬಿಡಿ ಬಾಗ್‌ನ ಬ್ಯಾಂಕೊಂದರಲ್ಲಿ ತಲೆತಗ್ಗಿಸಿ ಕೂರುವ ಅಣ್ಣ ಭಾನುವಾರ ತನ್ನ ಪುಟ್ಟ ಕಾರಿನ ಮುಂದೆ ಮಂಡಿಯೂರುತ್ತಿದ್ದ. ವೇಗಕ್ಕಾಗಿ ಟರ್ಬೊ, ಸೈಲೆನ್ಸರ್ ಎಲ್ಲ ಬದಲಿಸಿದ್ದ. ಉಳಿದದ್ದು ಟ್ಯೂನಿಂಗ್: ಹೊಸ ಭಾಗಗಳಿಗೆ ಒಪ್ಪುವಂತೆ ಗಾಳಿ, ಪೆಟ್ರೋಲುಗಳ ಹದವನ್ನು ಇಂಜಿನ್ನಿನ ಕಂಪ್ಯೂಟರಿಗೆ ಕಲಿಸುವುದು. ಹದ ತಪ್ಪಿದರೆ ಇಂಜಿನ್ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಒಗ್ಗರಣೆಯ ವಿಷಯದಲ್ಲಿ ಅಮ್ಮ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

"ನೀನು ಓದಿದವಳು. ಯಾರನ್ನ ನಂಬೋದು, ನೋಡಿ ಹೇಳೇ," ಎಂದ. ನನ್ನ ಅಹಂಕಾರಕ್ಕೆ ಅಷ್ಟು ಸಾಕಿತ್ತು.

ಮೊದಲು ಕಸ್ಬಾದ ಗಲ್ಲಿಯಲ್ಲಿದ್ದ ವೃದ್ಧ ಕಾರು ಮಿಸ್ತ್ರಿಯ ಬಳಿ ಹೋದೆವು. ಎಲ್ಲರೂ ಅವರನ್ನು ದಾದಾ, ಬಂಗಾಳಿಯಲ್ಲಿ ಅಣ್ಣ, ಎನ್ನುತ್ತಿದ್ದರು. ತಗಡಿನ ಷೆಡ್ಡು, ಹಳೆಯ ಲ್ಯಾಪ್‌ಟಾಪು. ಬಾನೆಟ್ ಎತ್ತಿದವರೇ ಲೋಹದ ಮೇಲೆ ಬರೆಯುವ ಬಿಳಿ ಬಣ್ಣದ ಪೆನ್ನೊಂದನ್ನು ಅಣ್ಣನ ಕೈಗಿಟ್ಟರು.

"ಏನೇನು ಬದಲಾಯ್ತು, ಯಾರು ಕೈ ಹಾಕಿದ್ರು, ಬಾನೆಟ್ ಒಳಗೆ ಬರೀರಿ. ಕೊನೆಗೆ ನಾನೂ ಬರೆದು ಸಹಿ ಹಾಕ್ತೀನಿ. ಗಾಡಿ ಮೂರು ದಿನ ಇಲ್ಲಿರಲಿ. ಮೊದಲು ಬ್ರೇಕು, ಆಮೇಲೆ ಸ್ಪೀಡು."

ಪೆನ್ನು ಹಿಂದಿರುಗಿಸಿ ಹೊರಟೆವು. ಗಲ್ಲಿ ದಾಟುವ ಮೊದಲೇ ನಾನು ನಕ್ಕೆ. "ಶಾಲೆ ಬೆಂಚಿನ ಮೇಲೆ ಹೆಸರು ಕೆತ್ತೋ ಚಾಳಿ, ಈ ವಯಸ್ಸಲ್ಲೂ ಬಿಟ್ಟಿಲ್ಲ."

ಅಣ್ಣ ನಗಲಿಲ್ಲ. "ಹೆಸರು ಬರೆಯೋನು ಓಡಿಹೋಗಲ್ಲ ಕಣೇ."

ನಾನು ಆರಿಸಿದ್ದು ಗಾಜಿನ ಬಾಗಿಲಿನ ಅಂಗಡಿಯನ್ನು. ಗೋಡೆ ತುಂಬ ಪ್ರಮಾಣಪತ್ರ. ಒಂದೇ ಮಧ್ಯಾಹ್ನದ ಕೆಲಸ. ಪ್ರಮಾಣಪತ್ರವನ್ನು ನಂಬುವುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿಯೇ ಕಲಿಸಿತ್ತು. ಮರುವಾರ ಮೇಲ್ಸೇತುವೆಯ ಮೇಲೆ ಪಿಸ್ಟನ್ ಕರಗಿ, ಇಂಜಿನ್ ಬಿಗಿದು, ಕಾರು ಅಡ್ಡ ತಿರುಗಿತು. ಹಿಂದಿದ್ದ ಮಿನಿಬಸ್ಸು ಅಣ್ಣ ಕೂತಿದ್ದ ಕಡೆಗೇ ಬಂದು ಬಡಿಯಿತು. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಅಂಗಡಿಗೆ ಹೋಗಿ ಕೇಳಿದೆ: ಇಂಜಿನ್ನಿಗೆ ಏನು ಮಾಡಿದಿರಿ, ಮಾಡಿದವರು ಯಾರು, ಪರೀಕ್ಷಿಸಿದ ದಾಖಲೆ ಎಲ್ಲಿ?

"ಅದು ಟೀಮ್ ಕೆಲಸ, ಮೇಡಂ."

ಟೀಮಿಗೆ ಹೆಸರಿರಲಿಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ; ಆ ಹೆಸರು ಸಿಗುವವರೆಗೆ ಬಿಡುವುದಿಲ್ಲ. ಆದರೆ ಅಲ್ಲಿಯ ಮೆಟ್ಟಿಲಿಳಿಯುವಾಗಲೆಲ್ಲ ಇನ್ನೊಂದು ಪ್ರಶ್ನೆ ನನ್ನೊಡನೆ ಇಳಿಯುತ್ತದೆ: ಆ ಅಂಗಡಿಯನ್ನು ಆರಿಸಿದವರು ಯಾರು? ಅಣ್ಣ ಇದನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಉತ್ತರಿಸುವ ಅವಕಾಶವಾದರೂ ಸಿಗುತ್ತಿತ್ತು.

ಹೋದ ವಾರ ಅವನು ಜಖಂಗೊಂಡ ಕಾರನ್ನು ರಿಪೇರಿಗೆಂದು ದಾದಾ ಬಳಿ ಕಳಿಸಿದ. ವೇಗದ ಹುಚ್ಚೆಲ್ಲ ತೆಗೆದು, ಕೈಯಲ್ಲೇ ಬ್ರೇಕು, ಆಕ್ಸಿಲರೇಟರ್ ಒತ್ತುವಂತೆ ಮಾಡಿಸಬೇಕಂತೆ. "ಬರೆದುಕೊಡದೆ ಅವರು ಸ್ಪ್ಯಾನರ್ ಮುಟ್ಟಲ್ಲ. ನೀನೇ ಹೋಗಿ ಬರೆದು ಬಾರೇ," ಎಂದಿದ್ದ. ಒಂದೊಂದು ನೆಪ ಹೇಳಿ ನಾಲ್ಕು ದಿನ ಮುಂದೂಡಿದ್ದೆ.

ಇಂದು ಆ ವಾಸನೆ ಮೂಗಿಗೆ ಬಡಿದ ಮೇಲೆ ಮನೆಯ ಕಡೆ ತಿರುಗಲಾಗಲಿಲ್ಲ. ಕಸ್ಬಾಕ್ಕೆ ಆಟೋ ಹಿಡಿದೆ.

ದಾದಾ ಬಾನೆಟ್ ಎತ್ತಿ ಪೆನ್ನು ಕೊಟ್ಟರು. ಬದಲಿಸಿದ ಭಾಗಗಳನ್ನೆಲ್ಲ ಬರೆದೆ, ಅಂಗಡಿಯ ಹೆಸರನ್ನೂ ಬರೆದೆ. ಕೆಳಗೆ ಕನ್ನಡದಲ್ಲಿ ಒಂದು ಸಾಲು: ಆರಿಸಿದವಳು ನಾನು. ಅದರಡಿ ಸಹಿ.

"ಇದೇನು ಬರೆದೆ, ದೀದಿ?" ಕನ್ನಡ ಓದಲು ಬಾರದ ದಾದಾ ಕೇಳಿದರು.

ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. "ಒಣಗಲಿ," ಎಂದು ಬಾನೆಟ್ಟನ್ನು ತೆರೆದೇ ಬಿಟ್ಟು, ಸ್ಪ್ಯಾನರ್ ಎತ್ತಿಕೊಂಡರು.