ಯಾರೂ ನೋಡದ ವಾಹಿನಿ

ಹೊಲಿಗೆಯ ದಾರ ಹುಡುಕಲೆಂದು ನಿನ್ನೆ ಸಂಜೆ ಮೇಜಿನ ಖಾನೆಯನ್ನು ಎಳೆದೆ. ದಾರ ಸಿಗಲಿಲ್ಲ, ನಾಲ್ಕು ಮಡಿಕೆಯಾದ ಹಾಳೆಯೊಂದು ಸಿಕ್ಕಿತು. ಅಕ್ಷರ ನನ್ನದೇ. ಕೆಂಪು ಶಾಯಿಯ ಗೆರೆಗಳನ್ನೆಳೆದು, ಕ್ರಮಸಂಖ್ಯೆ, ವಾಹಿನಿಯ ಹೆಸರು, ನೋಡುವವರು, ನೋಡುವ ವೇಳೆ, ಷರಾ ಎಂದು ಐದು ಅಂಕಣಗಳನ್ನು ಮಾಡಿದ್ದೇನೆ. ಎಂಬತ್ಮೂರನೆಯ ಸಾಲಿನಲ್ಲಿ ಒಂದು ಕ್ರೀಡಾವಾಹಿನಿ. ನೋಡುವವರು: ಇಲ್ಲ. ವೇಳೆ: ಇಲ್ಲ. ಷರಾ: ‘ಯಾರೂ ನೋಡುವುದಿಲ್ಲ. ತೆಗೆಯಬಹುದು.’ ಮಕ್ಕಳ ಪ್ರಗತಿಪತ್ರಗಳಲ್ಲಿ ನಾನು ಬರೆದ ಷರಾಗಳಲ್ಲಿ ಎಷ್ಟು ತಪ್ಪಿದ್ದವೋ ಬಲ್ಲವರಿಲ್ಲ. ಇದೊಂದು ಮಾತ್ರ ತಪ್ಪೆಂದು ಸಾಕ್ಷಿಸಮೇತ ಸಾಬೀತಾಗಿದೆ.

ಹುನಗುಂದದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿ, ಗಂಟಲು ಕೈಕೊಟ್ಟಿದ್ದರಿಂದ ಅವಧಿಗೆ ಮುನ್ನವೇ ನಿವೃತ್ತಳಾಗಿ ಬಾಗಲಕೋಟೆಯ ನವನಗರಕ್ಕೆ ಬಂದವಳು ನಾನು. ಶಾಲೆ ನನ್ನನ್ನು ಬಿಟ್ಟಿತು. ನಾನು ಶಾಲೆಯನ್ನು ಬಿಡಲಿಲ್ಲ. ತಿದ್ದಲು ಮಕ್ಕಳ ಪುಸ್ತಕಗಳಿಲ್ಲದ ಕಾರಣ ಮದುವೆಯ ಆಮಂತ್ರಣಗಳನ್ನು ತಿದ್ದಿದೆ, ಔಷಧದ ಅಂಗಡಿಯ ಫಲಕವನ್ನು ತಿದ್ದಿಸಿದೆ, ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದೆ. ‘ತೊಗರಿಬೇಳೆ’ ಎಂಬ ಚೀಟಿಯನ್ನು ಕಂಡ ನಮ್ಮ ಯಜಮಾನರು, “ಡಬ್ಬಿ ಗಾಜಿಂದೈತಿ, ಬ್ಯಾಳಿ ಹೊರಗಿಂದನ ಕಾಣ್ತೈತಿ” ಎಂದರು. ಕಾಣುವುದು ಬೇರೆ, ದಾಖಲಾಗುವುದು ಬೇರೆ ಎಂದು ಅವರಿಗೆ ವಿವರಿಸಬೇಕಾಯಿತು.

ಡಬ್ಬಿಗಳು ಮುಗಿದ ಮೇಲೆ ನನ್ನ ಕಣ್ಣು ಟಿವಿಯ ಮೇಲೆ ಬಿತ್ತು. ನಮ್ಮ ಮಾಳಿಗೆಯ ಮೇಲೊಂದು ಛತ್ರಿಯಿದೆ. ಮಳೆಗೂ ಬಿಸಿಲಿಗೂ ಉಪಯೋಗವಿಲ್ಲದೆ, ಆಕಾಶಕ್ಕೆ ಬೊಗಸೆಯೊಡ್ಡಿ ನಿಂತ ಆ ತಟ್ಟೆಯನ್ನು ನಮ್ಮ ಕಡೆ ಛತ್ರಿಯೆಂದೇ ಕರೆಯುತ್ತಾರೆ. ಅದರಿಂದ ಇಳಿಯುವ ವಾಹಿನಿಗಳು ಮುನ್ನೂರಕ್ಕೂ ಹೆಚ್ಚು. ನಾವು ನೋಡುತ್ತಿದ್ದುದು ನಾಲ್ಕು. ಉಳಿದವು ಏಕೆ ಬರುತ್ತವೆ? ಪ್ಯಾಕಿನಲ್ಲಿವೆ, ಆದ್ದರಿಂದ ಬರುತ್ತವೆ. ಪ್ಯಾಕಿನಲ್ಲಿ ಏಕೆ ಇವೆ? ನೀವು ಕೇಳುವುದಿಲ್ಲ, ಆದ್ದರಿಂದ ಇವೆ. ಬಾದಾಮಿಯ ಗುಹೆಗಳಿಗೆಂದು ಬಾಡಿಗೆಯ ಗಾಡಿ ಕೇಳಿದರೆ ಪಟ್ಟದಕಲ್ಲು, ಐಹೊಳೆಗಳನ್ನೂ ಸೇರಿಸಿಯೇ ದರ ಹೇಳುವವರನ್ನು ನೀವು ಕಂಡಿರಬಹುದು. ಅಲ್ಲಿ ಕೊನೆಗೆ ನೋಡಲು ಗುಡಿಗಳಾದರೂ ಸಿಗುತ್ತವೆ. ಇಲ್ಲಿ ಸಿಗುವುದು ಹಗಲಿಡೀ ಒಡವೆ ಮಾರುವ ವಾಹಿನಿ, ಬಾಣಲೆಯೊಂದನ್ನು ಹೊಗಳಲೆಂದೇ ಹುಟ್ಟಿದ ವಾಹಿನಿ, ಯಾವ ಭಾಷೆಯೆಂದು ಮನೆಮಂದಿ ಪಂದ್ಯ ಕಟ್ಟಬಹುದಾದ ವಾಹಿನಿ. ಬೇಡವಾದುದನ್ನು ಗ್ರಾಹಕರು ತೆಗೆಸಿಹಾಕಬಹುದೆಂದು ಎಲ್ಲೋ ಓದಿದ ದಿನ, ನನಗೆ ಹೊಸ ತರಗತಿಯೊಂದನ್ನು ವಹಿಸಿಕೊಟ್ಟಷ್ಟು ಸಂತೋಷವಾಯಿತು.

ಕೆಲವು ವರ್ಷಗಳ ಹಿಂದಿನ ಮಾತಿದು. ಆ ದಿನಗಳಲ್ಲೇ ಇಳಕಲ್ಲಿನಿಂದ ಗೌರತ್ತೆ ನಮ್ಮ ಮನೆಗೆ ಬಂದಿದ್ದಳು. ಗೌರತ್ತೆ ನನ್ನ ತಂದೆಯ ತಂಗಿ. ಹನ್ನೆರಡನೆಯ ವಯಸ್ಸಿಗೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವಳು, ಎದ್ದದ್ದು ಊಟಕ್ಕೆ, ನಿದ್ದೆಗೆ ಮತ್ತು ನಾನು ಚಿಕ್ಕವಳಾಗಿದ್ದಾಗ ನನ್ನ ತಾಯಿ ತೀರಿಕೊಂಡ ಮೇಲೆ ನನ್ನ ಜಡೆ ಹೆಣೆಯುವುದಕ್ಕೆ. ಇಳಕಲ್ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಅಷ್ಟೊಂದು ಎಳೆಗಳಲ್ಲಿ ತಪ್ಪಿಹೋದ ಒಂದನ್ನು ಅವಳು ಬೆರಳಿನಿಂದಲೇ ಹುಡುಕಿ ತೆಗೆಯಬಲ್ಲಳು. ಈಗ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಿನದನ್ನು ಬಾಗಲಕೋಟೆಯಲ್ಲಿ ತೆಗೆಸಿ, ಇನ್ನೊಂದರ ಸರದಿಗಾಗಿ ಕಾಯುತ್ತಿದ್ದಳು. ಅಲ್ಲಿಯವರೆಗೆ ಮಗ್ಗಕ್ಕೆ ಬಗ್ಗಬಾರದೆಂದು ವೈದ್ಯರ ಅಪ್ಪಣೆ. ನಮ್ಮ ಮನೆಯಲ್ಲಿ ಅವಳು ನೀರನ್ನೂ ಅನುಮತಿ ಕೇಳಿಯೇ ಕುಡಿಯುವಳು. ಇಂಥದು ಬೇಕೆಂದು ಎಂದೂ ಬಾಯಿಬಿಟ್ಟವಳಲ್ಲ.

ಹದಿನೈದು ದಿನ ನಾನು ಸಮೀಕ್ಷೆ ನಡೆಸಿದೆ. ಯಾರು, ಯಾವಾಗ, ಏನನ್ನು ನೋಡಿದರೆಂದು ವೇಳೆಸಹಿತ ಬರೆದುಕೊಂಡೆ. ಬೆಳಗಿನ ಐದರಿಂದ ಏಳರವರೆಗೆ ನಾನು ವಾಯುವಿಹಾರದಲ್ಲಿರುತ್ತಿದ್ದೆ. ಯಜಮಾನರು ಏಳುವುದು ಎಂಟಕ್ಕೆ. ಹೀಗಾಗಿ ಆ ಅವಧಿಯನ್ನು ‘ಯಾರೂ ಎದ್ದಿರುವುದಿಲ್ಲ’ ಎಂದು ತೀರ್ಮಾನಿಸಿದೆ. ಅರವತ್ತು ವರ್ಷ ನಸುಕಿನಲ್ಲೇ ಎದ್ದು ಮಗ್ಗಕ್ಕೆ ಕುಳಿತ ಹೆಂಗಸೊಬ್ಬಳು ಮನೆಯಲ್ಲಿದ್ದಾಳೆಂಬುದು ನನ್ನ ಅಂಕಣಗಳಲ್ಲಿ ಎಲ್ಲಿಯೂ ಹಿಡಿಸಲಿಲ್ಲ.

ಪಟ್ಟಿಗೆ ಮೂರು ಪುಟಗಳ ಮನವಿಯನ್ನು ಲಗತ್ತಿಸಿ, ಪಟ್ಟಿಯ ಒಂದು ಪ್ರತಿಯನ್ನು ನನ್ನಲ್ಲಿಟ್ಟುಕೊಂಡು, ಛತ್ರಿ ಅಂಗಡಿಯ ಸಂಗಣ್ಣನ ಕೈಗೆ ಕೊಟ್ಟೆ. ಸಂಗಣ್ಣ ಒಂದು ಕಾಲದಲ್ಲಿ ನನ್ನ ತರಗತಿಯ ಕೊನೆಯ ಸಾಲಿನಲ್ಲಿದ್ದವನು.

“ಅಕ್ಕೋರ, ಒಂದು ಫೋನ್ ಮಾಡಿದ್ರ ಸಾಕಿತ್ತಲ್ರಿ.”

“ಯಾವುದೇ ವ್ಯವಹಾರ ಬರವಣಿಗೆಯಲ್ಲಿರಬೇಕು, ಸಂಗಣ್ಣ.”

“ಇಷ್ಟುದ್ದ ಯಾವ ಗಿರಾಕಿನೂ ಬರದಿಲ್ರಿ. ಹತ್ತಕ್ಕ ಎಷ್ಟ ಕೊಡ್ಲಿ?”

ಅಂಕ ಕೊಡುವ ಅವಕಾಶಕ್ಕಾಗಿ ಅವನು ಎಷ್ಟು ವರ್ಷ ಕಾದಿದ್ದನೋ! ಎರಡು ದಿನಗಳಲ್ಲಿ ಇನ್ನೂರ ಅರವತ್ತು ವಾಹಿನಿಗಳು ನಮ್ಮ ಮನೆಯಿಂದ ನಿರ್ಗಮಿಸಿದವು. ಗುಡಿಸಿ ಸಾರಿಸಿದ ಅಂಗಳವನ್ನು ನೋಡುವಂತೆ ನಾನು ಟಿವಿಯನ್ನು ನೋಡಿದೆ.

ಅದಾದ ಐದನೆಯ ಬೆಳಿಗ್ಗೆ ವಾಯುವಿಹಾರದ ನಡುವೆ ಚಪ್ಪಲಿಯ ಪಟ್ಟಿ ಕಿತ್ತುಹೋಗಿ, ಐದೂವರೆಗೇ ಮನೆಗೆ ಮರಳಿದೆ. ನಡುಮನೆಯಲ್ಲಿ ಗೌರತ್ತೆ ಚಾಪೆಯ ಮೇಲೆ ನೆಟ್ಟಗೆ ಕುಳಿತಿದ್ದಳು. ಎದುರಿಗೆ ನೀಲಿ ಪರದೆ. ಈ ವಾಹಿನಿ ನಿಮಗೆ ಇಲ್ಲವೆಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು. ರಿಮೋಟನ್ನು ಎರಡೂ ಕೈಗಳಿಂದ ಮಡಿಲಲ್ಲಿ ಹಿಡಿದಿದ್ದಳು.

“ಅತ್ತೆ, ಇಷ್ಟು ಬೇಗ ಎದ್ದು ಏನು ಮಾಡುತ್ತಿರುವೆ?” ನಾನು ಮನೆಯೊಳಗೂ ಪುಸ್ತಕದ ಕನ್ನಡವನ್ನೇ ಆಡುವವಳು.

“ಏನಿಲ್ಲವಾ, ಸುಮ್ನ.” ರಿಮೋಟನ್ನು ನನ್ನತ್ತ ಚಾಚಿ ದನಿ ತಗ್ಗಿಸಿದಳು. “ನಾನ ಏನರೆ ಒತ್ತಿ ಕೆಡಿಸೇನೋ ಏನೋ ನೋಡು. ಐದು ದಿನಾ ಆತು, ಬರವಲ್ದು. ಅಳ್ಯಾಗ ಹೇಳಬ್ಯಾಡ ಮತ್ತ.”

“ಏನು ಬರುತ್ತಿಲ್ಲ?”

“ನಮ್ಮ ಗಡ್ಡದಾಂವ.”

ಆಮೇಲೆ ಎಲ್ಲವೂ ಹೊರಬಂತು. ಬಂದ ಎರಡನೆಯ ನಸುಕಿನಲ್ಲಿ, ಮಗ್ಗವಿಲ್ಲದೆ ಕೈ ಸುಮ್ಮನಿರಲಾರದೆ, ರಿಮೋಟಿನ ಗುಂಡಿಗಳನ್ನು ಒತ್ತುತ್ತ ಹೋಗಿದ್ದಾಳೆ. ಎಂಬತ್ಮೂರನೆಯ ವಾಹಿನಿಯಲ್ಲಿ ಅಮೆರಿಕದ ಬೇಸ್‌ಬಾಲ್ ಸಿಕ್ಕಿದೆ. ಅಲ್ಲಿ ಸಂಜೆಯ ಆಟ, ಇಲ್ಲಿ ನಸುಕು. ಮನೆಯವರಿಗೆ ಎಚ್ಚರವಾದೀತೆಂದು ದನಿ ಮುಚ್ಚಿ, ಒಂದೇ ಕಣ್ಣಿನಲ್ಲಿ ದಿನವೂ ನೋಡಿದ್ದಾಳೆ.

ಅಡುಗೆಮನೆಯಿಂದ ನಾಲ್ಕು ಬಟ್ಟಲು ತಂದು ನೆಲದ ಮೇಲಿಟ್ಟು ನನಗೆ ಪಾಠ ಶುರುಮಾಡಿದಳು. “ಇದು ಮನಿ. ಖರೇನ ಮನಿ ಆಕಾರದ ಬಿಳೇ ಹಲಗಿ ಹಾಕಿರ್ತಾರ. ಇಲ್ಲೆ ಕಟ್ಟಿಗಿ ಹಿಡದು ನಿಂದ್ರಬೇಕು. ಅಲ್ಲಿಂದ ಒಬ್ಬಾಂವ ಚೆಂಡ ಒಗೀತಾನ. ಹಿಂದೊಬ್ಬಾಂವ ಮಾರಿಗೆ ಜಾಳಗಿ ಕಟಗೊಂಡು ಕುಕ್ಕರಗಾಲಿಲೆ ಕುಂತಿರ್ತಾನ. ಹೊಡದ ಮ್ಯಾಲ ಓಡಬೇಕು. ಈ ಬಟ್ಟಲಾ, ಈ ಬಟ್ಟಲಾ, ಈ ಬಟ್ಟಲಾ ಮುಟ್ಟಿ ಮತ್ತ ಮನಿಗೆ ಬರಬೇಕು. ಮನಿಗೆ ಬಂದ್ರಷ್ಟ ಲೆಕ್ಕ. ನಡುವ ನಿಂತರ ಏನ ಉಪಯೋಗಿಲ್ಲ.”

“ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು?”

“ಯಾರ ಹೇಳಬೇಕು? ಒಂದು ಕಣ್ಣ ಚಲೋ ಆಗೈತಲ್ಲ.”

ಗಡ್ಡದವನು ಕೆಂಪು ಟೊಪ್ಪಿಗೆಯ ತಂಡದವನು. “ಭಾಳ ದಿನಾತು, ಅವಗ ಹೊಡ್ಯಾಕ ಆಗವಲ್ದು. ಭುಜ ಮೊದಲ ಏಳತೈತಿ. ಹೊಸದಾಗಿ ಮಗ್ಗಕ್ಕ ಕುಂತವರು ಲಾಳಿ ಬರೂಕಿಂತ ಮೊದಲ ಕೈ ಚಾಚತಾರಲ್ಲ, ಹಂಗ. ಹೋದ ವಾರ ಅವನ್ನ ಹೊರಗ ಕುಂದ್ರಿಸಿದ್ರು. ಕುಂದ್ರೂ ಬಾಂಕಿನ ಮ್ಯಾಲ ಮಾರಿ ಸಣ್ಣದ ಮಾಡ್ಕೊಂಡು ಕುಂತಿದ್ದ. ಅವತ್ತ ಆಡಸ್ತಾರ ಅನಸಿತ್ತು, ಅವತ್ತ ಹಿಂಗಾತು.” ನೀಲಿ ಪರದೆಯತ್ತ ನೋಡಿದಳು. “ಒಂದ ಸಲ ಅಂವ ಹೊಡದು ಮನಿಗೆ ಬಂದದ್ದ ನೋಡಿದ್ರ ಸಾಕಿತ್ತವಾ.”

ಅವಳು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಜೀವಮಾನದಲ್ಲಿ ಅದೊಂದೇ. ನಾನು ಹೇಳಿದೆ: “ಅದನ್ನು ಕಂಪನಿಯವರು ತೆಗೆದಿದ್ದಾರೆ, ಅತ್ತೆ.” ಇಪ್ಪತ್ತೆರಡು ವರ್ಷ ಸುಳ್ಳು ಹೇಳಿದ ಮಕ್ಕಳನ್ನು ಬಾಗಿಲ ಬಳಿ ನಿಲ್ಲಿಸಿದ ಉಪಾಧ್ಯಾಯಿನಿಯ ವಾಕ್ಯ. ರಚನೆಯಲ್ಲಿ ದೋಷವೇನೂ ಇರಲಿಲ್ಲ.

ಮೊಬೈಲಿನಲ್ಲಿ ಹುಡುಕಬಾರದಿತ್ತೇ ಎಂದು ನೀವು ಕೇಳಬಹುದು. ಹುಡುಕಿದೆ. ಕೆಂಪು ಟೊಪ್ಪಿಗೆಯ ತಂಡಗಳು ಆ ದೇಶದಲ್ಲಿ ಹಲವು. ಅವುಗಳಲ್ಲಿ ಗಡ್ಡವಿಲ್ಲದವರನ್ನು ಎಣಿಸುವುದೇ ಸುಲಭ. ನಾನು ತೋರಿಸಿದ ಚಿತ್ರಗಳನ್ನೆಲ್ಲ ಗೌರತ್ತೆ, “ಇಂವಲ್ಲ. ಇಂವನೂ ಅಲ್ಲ. ಇಂವಂದು ಗಡ್ಡಲ್ಲ, ಮೈಗಳ್ಳತನ” ಎಂದು ವರ ನೋಡಲು ಬಂದ ಹೆಣ್ಣಿನ ಕಡೆಯವರಂತೆ ತಳ್ಳಿಹಾಕಿದಳು. ಪಂದ್ಯವನ್ನೇ ಮೊಬೈಲಿನಲ್ಲಿ ನೋಡೋಣವೆಂದರೆ ಅಲ್ಲಿಯೂ ಒಂದು ಪ್ಯಾಕು ಬಾಗಿಲಲ್ಲಿ ನಿಂತಿತ್ತು.

ಕೊನೆಗೆ ಕಂಪನಿಗೆ ಕರೆಮಾಡಿದೆ. ನನ್ನ ಕರೆ ತಮಗೆ ಅಮೂಲ್ಯವೆಂದು ಅರ್ಧ ಗಂಟೆ ಹೇಳಿದರು. ಅಷ್ಟು ಅಮೂಲ್ಯವಾದುದನ್ನು ಎತ್ತಿಕೊಳ್ಳಲು ಅವರಿಗೆ ಧೈರ್ಯ ಬಂದಿರಲಿಕ್ಕಿಲ್ಲ. ಆಮೇಲೆ ಒಬ್ಬ ಹುಡುಗಿ ಬಂದಳು. ಆ ಆಟವನ್ನು ತರಿಸುವ ವೆಚ್ಚ ಬಹಳ, ನೋಡುವವರು ಕಡಿಮೆ, ಆದ್ದರಿಂದ ಆ ವಾಹಿನಿಯನ್ನು ಬಿಡಿಯಾಗಿ ಕೊಡುವುದಿಲ್ಲ. ‘ವಿಶ್ವಕ್ರೀಡಾ ಮಹಾಪ್ಯಾಕ್’ ತೆಗೆದುಕೊಂಡರೆ ಅದರೊಡನೆ ಗಾಲ್ಫ್, ಕಾರುಗಳ ಓಟ ಮತ್ತು ಮೀನು ಹಿಡಿಯುವ ವಾಹಿನಿಯೂ ಬರುತ್ತದೆ ಎಂದಳು. ನೋಡುವವರಿಲ್ಲದ್ದನ್ನು ಮತ್ತಷ್ಟು ದುಬಾರಿ ಮಾಡಿದರೆ ನೋಡುವವರು ಹೆಚ್ಚುವರೆಂಬ ಈ ತರ್ಕವನ್ನು ನಾನು ಬಿಡಿಸಿ ನೋಡುತ್ತಿರುವಾಗಲೇ ಗೌರತ್ತೆ ಕೈನೀಡಿದಳು.

“ಇಲ್ಲಿ ಕೊಡು. ತಂಗೀ, ನಾ ಇಳಕಲ್ಲಿನ್ಯಾಕಿ. ನಾವು ಸೀರಿ ಕೇಳಿದವರಿಗೆ ಸೀರಿ ಕೊಡ್ತೇವಿ. ಕುಬಸದ ಖಣ ಬೇಕಂದ್ರ ಗುಳೇದಗುಡ್ಡಕ್ಕ ಹೋಗ್ರಿ ಅಂತೇವಿ. ಸೀರಿ ಜೋಡಿ ಕಂಬಳಿ, ಟೊಪಗಿ, ಮೀನದ ಗಾಳ ತಗೋರಿ ಅನ್ನೂದಿಲ್ಲ. ಒಂದಕ್ಕ ಎಷ್ಟ, ಹೇಳಿ ಮುಗಸು.”

“ಹಾಗೆ ಬರುವುದಿಲ್ಲ ಮೇಡಂ.”

“ಹಂಗಾರ ಅರ್ಧಾ ಆಟ ಕೊಡು. ಗಡ್ಡದಾಂವ ಹೊಡಿಯೂ ಪಾಳಿ ಅಷ್ಟ.”

ಆ ಹುಡುಗಿ ಉತ್ತರ ಹುಡುಕುವಷ್ಟರಲ್ಲಿ ಗೌರತ್ತೆ ನನ್ನತ್ತ ಕಣ್ಣು ಮಿಟುಕಿಸಿದಳು. “ಫೋನ್ ಇಡು. ಈಗ ಅವರ ಹಿಂದ ಕರೀತಾರ ನೋಡು.”

ಇಳಕಲ್ಲಿನ ಸೀರೆಯ ಅಂಗಡಿಗಳಲ್ಲಿ ಚೌಕಾಸಿಯ ಕ್ರಮವೇ ಅದು. ಕೊಳ್ಳುವವಳು ಎದ್ದು, ಸೆರಗು ಸರಿಪಡಿಸಿಕೊಂಡು ಚಪ್ಪಲಿ ಮೆಟ್ಟಬೇಕು. ಅವಳು ಮೆಟ್ಟಿಲಿಳಿಯುವ ಮುನ್ನ ಅಂಗಡಿಯವನು “ಬರ್ರೆವಾ, ಕುಂದರ್ರಿ” ಎಂದು ಕರೆಯಬೇಕು. ಕಂಪನಿಗೆ ಮೆಟ್ಟಿಲಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಗೌರತ್ತೆಯ ನಂಬಿಕೆಯ ಎದುರಿಗೆ ನನ್ನ ತಿಳಿವಳಿಕೆ ನಿಲ್ಲಲಿಲ್ಲ. ಫೋನನ್ನು ಚಾಪೆಯ ಮೇಲಿಟ್ಟು ಇಬ್ಬರೂ ಕಾದೆವು. ಮಧ್ಯಾಹ್ನ ಅದು ರಿಂಗಣಿಸಿತು! ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೇ, ಒಂದರಿಂದ ಐದರೊಳಗೆ ಅಂಕ ನೀಡಿ ಎಂದಿತು ಧ್ವನಿಮುದ್ರಿಕೆ. ನಾನು ಸೊನ್ನೆ ಒತ್ತಿದೆ. ಸೊನ್ನೆಗೆ ಅಲ್ಲಿ ಅವಕಾಶವಿಲ್ಲವಂತೆ. ನನ್ನ ತರಗತಿಯಲ್ಲಿ ಇತ್ತು.

“ಈಗ ನಾವ ಮೊದಲ ಮಾತಾಡಿದ್ರ ದರ ಏರಸ್ತಾರ” ಎಂದು ಗೌರತ್ತೆ ನನ್ನನ್ನು ತಡೆದಳು. ಹೀಗೆ ಮಾನ ಕಾಯುತ್ತ ಹನ್ನೆರಡು ನಸುಕುಗಳು ಕಳೆದವು. ಹದಿಮೂರನೆಯ ದಿನ ಅವಳು ಬಟ್ಟಲುಗಳನ್ನು ಒಳಗಿಟ್ಟಳು. ಅದನ್ನು ಕಂಡು ತಡೆಯಲಾರದೆ ಸಂಗಣ್ಣನನ್ನು ಮನೆಗೆ ಕರೆಸಿದೆ.

ಸಂಗಣ್ಣ ಚಹಾ ಕುಡಿಯುತ್ತ ಹೇಳಿದ: “ಕಂಪನಿಯವರದೂ ಏನ ತಪ್ಪರಿ? ನೋಡೋರ ಇಲ್ಲ. ಹಳೇ ಪ್ಯಾಕಿನ್ಯಾಗ ಅದು ಪುಗಸಟ್ಟೆ ಇತ್ತು. ನನ್ನ ಗಿರಾಕ್ಯಾಗ ಹಳೇ ಪ್ಯಾಕ್ ಉಳದದ್ದು ಒಂದ ಮನ್ಯಾಗ. ಅವರೂ ಬ್ಯಾಡಂದು ತೆಗಸಿದ್ರು. ಒಮ್ಮೆ ಬಿಟ್ರ ಮತ್ತ ಸಿಗೂದಿಲ್ರಿ.”

“ಯಾರಪಾ ಅವರು, ಇದ್ದದ್ದ ತೆಗಸಿದ ಶಾಣ್ಯಾರು?” ಎಂದಳು ಗೌರತ್ತೆ.

ಸಂಗಣ್ಣ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅವನು ಕೇಡಿಗನಲ್ಲ, ಆದರೆ ಕೊನೆಯ ಸಾಲಿನವನು. ಚೀಲದಿಂದ ಕಡತ ತೆಗೆದು ನನ್ನ ಮನವಿಯನ್ನು ಅವಳ ಕೈಗಿಟ್ಟ. “ನೋಡ್ರಿ ಅಮ್ಮಾರ, ನಮ್ಮ ಅಕ್ಕೋರ ಅಕ್ಷರ ಹೆಂಗ ಮುತ್ತಿನಂಗದಾವು.”

ಗೌರತ್ತೆ ಹಾಳೆಯನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು, ಎಳೆ ಹುಡುಕುವ ಬೆರಳಿನಿಂದ ಸಾಲುಸಾಲಾಗಿ ಇಳಿದಳು. ಎಂಬತ್ಮೂರರ ಮೇಲೆ ಬೆರಳು ನಿಂತಿತು. ‘ಯಾರೂ ನೋಡುವುದಿಲ್ಲ’ ಎಂದು ಅಕ್ಷರ ಕೂಡಿಸಿ ಓದಿದಳು. ತಲೆಯೆತ್ತಿ, “ನಾ ಇದ್ದೆನಲ್ಲವಾ” ಎಂದಳು.

ಸಂಗಣ್ಣ ಚಹಾದ ಬಸಿಯನ್ನು ಕೆಳಗಿಟ್ಟ. ಗೌರತ್ತೆ ಹಾಳೆ ಮಡಚಿ ನನ್ನ ಮಡಿಲಿಗೆ ಹಾಕಿದಳು. “ಅಂದ್ರ ಕಂಪನಿ ಅಂದ್ರ ನೀನ ಏನ ಹಂಗಾರ?” ಸಂಗಣ್ಣ ನಕ್ಕ, ಅವಳೂ ನಕ್ಕಳು. ನನಗೆ ನಗಲು ಸ್ವಲ್ಪ ಕಾಲ ಹಿಡಿಯಿತು.

ಆ ಸಂಜೆಯೇ ಮಹಾಪ್ಯಾಕನ್ನು ಗಾಳಸಮೇತ ಹಾಕಿಸಿದೆ. ಮರುದಿನ ನಸುಕಿನಲ್ಲಿ ಇಬ್ಬರೂ ಕುಳಿತೆವು. ಮೈದಾನವಿರಲಿಲ್ಲ; ದೋಣಿಯಲ್ಲೊಬ್ಬ ಮೀನಿಗಾಗಿ ಕಾಯುತ್ತಿದ್ದ. ಆ ವರ್ಷದ ಆಟಗಳೆಲ್ಲ ಎರಡು ದಿನಗಳ ಹಿಂದೆ ಮುಗಿದಿದ್ದವು. ಗಡ್ಡದವನು ಹೊಡೆದನೋ, ಬಾಂಕಿನ ಮೇಲೆಯೇ ಉಳಿದನೋ ತಿಳಿಯಲಿಲ್ಲ. ನನಗೆ ಬೇಸರವಾದೀತೆಂದು ಗೌರತ್ತೆ ಆ ಮೀನು ಸಿಗುವವರೆಗೂ ಏಳದೆ ನೋಡಿದಳು. ಇನ್ನೊಂದು ಕಣ್ಣಿನದೂ ಆಗಿ, ದೀಪಾವಳಿಯ ಹೊತ್ತಿಗೆ ಇಳಕಲ್ಲಿಗೆ ಹೋದಳು.

ಅವಳ ಮನೆಯ ಕೇಬಲ್ಲಿನಲ್ಲಿ ಆ ವಾಹಿನಿ ಇಲ್ಲ. ಆದ್ದರಿಂದ ನನ್ನ ವಾಯುವಿಹಾರ ಸಂಜೆಗೆ ಹೋಯಿತು. ಆಟದ ತಿಂಗಳುಗಳಲ್ಲಿ ನಸುಕಿಗೆ ಫೋನು ಹಚ್ಚಿ ನಾನು ಹೇಳುತ್ತೇನೆ, ಅವಳು ಫೋನನ್ನು ಮಗ್ಗದ ಅಂಚಿಗಿಟ್ಟು ಕೇಳುತ್ತಾಳೆ. ಮೊದಲ ದಿನ ಮೈದಾನದ ಅಳತೆಯಿಂದ ಆರಂಭಿಸಿದ್ದೆ. “ಪಾಠ ಹೇಳಬ್ಯಾಡ, ಆಟ ಹೇಳು” ಎಂದು ಗದರಿಸಿದಳು. ಕೆಂಪು ಟೊಪ್ಪಿಗೆಯವರು ಬಂದಾಗಲೆಲ್ಲ ನಾನು ಗಡ್ಡಗಳನ್ನೇ ನೋಡುತ್ತ ಕುಳಿತಿರುತ್ತೇನೆ.

ಇಂದು ಬೆಳಿಗ್ಗೆ ಬಾಂಕಿನಿಂದ ಒಬ್ಬ ಎದ್ದು ಬಂದ. ಉದ್ದ ಗಡ್ಡ, ಸಣ್ಣ ಮಾಡಿಕೊಂಡ ಮುಖ.

“ಅತ್ತಿ, ಬಂದಾನ ನೋಡು! ಗಡ್ಡದಾಂವ! ನಿಂತಾನ… ಒಂದು ಹುಸಿ ಹೋತು… ಅತ್ತಿ, ಹೊಡದ! ಹೊಡದ ನೋಡು! ಚೆಂಡ ಮಂದ್ಯಾಗ ಹೋಗಿ ಬಿತ್ತು! ಓಡಾಕ ಹತ್ಯಾನ!”

ಆ ಕಡೆ ಮಗ್ಗದ ಸದ್ದು ನಿಂತಿತು.

“ಎಡಗೈಲೆ ಹೊಡದ್ನೋ, ಬಲಗೈಲೆನೋ?”

ಪರದೆಯಲ್ಲಿ ಅದನ್ನೇ ಮತ್ತೆ ತೋರಿಸುತ್ತಿದ್ದರು. ನೋಡಿದೆ. “ಎಡಗೈಲೆ.”

“ನಮ್ಮಾಂವ ಬಲಗೈಯಾಂವ.”

ತಪ್ಪು ಉತ್ತರ ಹೇಳಿ ನಿಂತ ಮಕ್ಕಳು ಕೈಗಳನ್ನು ಎಲ್ಲಿಟ್ಟುಕೊಳ್ಳುತ್ತಿದ್ದರೆಂದು ನೆನಪಿಸಿಕೊಳ್ಳಲು ಯತ್ನಿಸಿದೆ.

“ಇರ್ಲಿ ತಗೋ” ಎಂದಳು ಗೌರತ್ತೆ. “ಇಂವನೂ ಎಷ್ಟ ದಿನಾ ಹೊರಗ ಕುಂತಿದ್ನೋ ಏನೋ. ಮನಿಗೆ ಬಂದ್ನೋ ಇಲ್ಲೋ, ಅದನ್ನ ಹೇಳು.”

“ತಡಿ ಅತ್ತಿ, ಮತ್ತ ತೋರಸಾಕ ಹತ್ಯಾರ” ಎಂದು, ಅವನು ಮೂರನೆಯ ಬಟ್ಟಲನ್ನು ದಾಟಿ ಬಿಳಿಯ ಹಲಗೆಯ ಮೇಲೆ ಪಾದವಿಡುವವರೆಗೂ ಕಣ್ಣು ಮಿಟುಕಿಸದೆ ನೋಡಿದೆ.

“ಬಂದ.”